ಪಟ್ಟಿಯಲ್ಲಿಲ್ಲದ ತೂಕ

ಅವಳನ್ನು ಬೀದಿಯವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲು ಉಬ್ಬಿದೆಯೆಂದಲ್ಲ, ಅವಳ ಹಲ್ಲುಗಳು ಪೋಣಿಸಿಟ್ಟ ಹಾಗೆ ನೆಟ್ಟಗಿದ್ದವು. ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಬೇರೆಯವರ ಬಾಯಿಗೆ ಹಲ್ಲು ಕಟ್ಟಿಕೊಡುವುದು ಅವಳ ಕೆಲಸ. ವೈದ್ಯರು ರೋಗಿಯ ದವಡೆಯ ಅಚ್ಚು ತೆಗೆದು ಕಿಟಕಿಯಿಂದ ದಾಟಿಸುತ್ತಿದ್ದರು. ಅದರ ಮೇಲೆ ಇವಳು ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸಿ, ಸಣ್ಣ ಉಳಿಯಿಂದ ಒಸಡನ್ನು ಕೆತ್ತುತ್ತಿದ್ದಳು. ಊರಿನ ಮುಕ್ಕಾಲು ಪಾಲು ಹಿರಿಯರ ನಗು ಅವಳ ಮೇಜಿನಿಂದ ಎದ್ದು ಹೋದದ್ದು. ಮದುವೆ ಮನೆಯಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಕೆಳಗಿನ ಸಾಲಿಗೆ.

ಐವತ್ತೊಂದರ ಹೆಂಗಸು, ಗುಬ್ಬಿಯಂಥ ಮೈಕಟ್ಟು, ನಲವತ್ತಾರು ಕಿಲೋ. ಅವಳ ಗಂಡ ಶಾಲಾ ಬಸ್ಸಿನ ಡ್ರೈವರು. ಅವನ ತೂಕ ತೊಂಬತ್ತೆರಡು, ಅಂದರೆ ಸರಿಯಾಗಿ ಇವಳ ಎರಡರಷ್ಟು. "ನಾವು ಗಂಡಹೆಂಡ್ತಿ ಒಟ್ಟು ಮೂರು ಜನ, ನಾನೊಬ್ಬನೇ ಇಬ್ಬರು" ಎಂದು ಅವನೇ ಬಂದವರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಹಲ್ಲಕ್ಕನನ್ನು ಸೈಕಲ್ಲಿಗೆ ಹತ್ತಿಸಿದ್ದು ಅವಳ ನಾದಿನಿ, ಅಂದರೆ ಆ ಡ್ರೈವರನ ತಂಗಿ. ಬ್ಯಾಂಕಿನಲ್ಲಿ ಕೆಲಸ, ಏರು ದನಿ, ಅಣ್ಣನ ಮೈಯೇ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಬಂದು, "ಅತ್ತಿಗೆ, ವಾರವಿಡೀ ಬೇರೆಯವರ ಬಾಯಿ ನೋಡ್ತಾ ಕೂತಿರ್ತೀಯ. ಒಂದು ದಿನ ನಾಲ್ಕು ಮರ ನೋಡು ಬಾ" ಎಂದು ಎಳೆದುಕೊಂಡು ಹೋಗಿದ್ದಳು. ಊರಿನ ಹಿಂದೆ ಗುಡ್ಡ, ಗುಡ್ಡದಾಚೆ ಒಂದು ದೊಡ್ಡ ಜಲಾಶಯ. ಮೇಲಕ್ಕೆ ಕಲ್ಲುಗಣಿಯ ಹಳೆ ಲಾರಿ ದಾರಿ, ಆಚೆ ಇಳಿಯುವುದಕ್ಕೆ ಬೇರು ಕಲ್ಲುಗಳ ಕಾಲುಹಾದಿ. ನಾದಿನಿಯ ಗಂಡ ಮಂಡಿನೋವೆಂದು ಮೂಲೆಗೆ ನಿಲ್ಲಿಸಿದ್ದ ಗುಡ್ಡದ ಸೈಕಲ್ಲು ಹಲ್ಲಕ್ಕನ ಪಾಲಿಗೆ ಬಂತು. ಸೀಟನ್ನು ಕೆಳಗಿಳಿಸಿದ್ದೊಂದೇ ಆಗ ಮಾಡಿದ ಬದಲಾವಣೆ.

ಮೊದಲ ವರ್ಷ ಅವಳು ಅರ್ಧ ಗುಡ್ಡ ತಳ್ಳಿಕೊಂಡೇ ಹೋದಳು. ಮೂರನೆಯ ವರ್ಷಕ್ಕೆ ನಾದಿನಿ ಮತ್ತು ಅವಳ ನಾಲ್ಕೈದು ಗೆಳತಿಯರು ಏದುಸಿರು ಬಿಡುತ್ತ ನಿಂತಾಗ ಇವಳು ಮೇಲೆ ಬಂಡೆಯ ಮೇಲೆ ಕೂತು ಕಾಯುತ್ತಿದ್ದಳು. ಹತ್ತುವುದರಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಕಷ್ಟವೆಲ್ಲ ಇಳಿಯುವುದರಲ್ಲಿತ್ತು. ಕಾಲುಹಾದಿಯ ಮೊದಲ ನೂರು ಮೀಟರಿಗೇ ಅಂಗೈಗೆ ಸುತ್ತಿಗೆಯೇಟು ಬಿದ್ದಂತೆ ಆಗುತ್ತಿತ್ತು. ಅರ್ಧ ದಾರಿಗೆ ಬೆರಳು ಜೋಮು ಹಿಡಿಯುತ್ತಿದ್ದವು. ಆಮೇಲೆ ಬ್ರೇಕ್ ಹಿಡಿದಿದ್ದೇನೋ ಬಿಟ್ಟಿದ್ದೇನೋ ಅವಳಿಗೇ ತಿಳಿಯುತ್ತಿರಲಿಲ್ಲ. ಹಾಗಾಗಿ ಅವಳು ಒಮ್ಮೆಯೂ ಜಲಾಶಯದವರೆಗೆ ಇಳಿದವಳಲ್ಲ. ಅರ್ಧಕ್ಕೆ ಇಳಿದು, ಸೈಕಲ್ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಮನೆಗೆ ಬರುತ್ತಿದ್ದಳು. ಉಳಿದವರು ನೀರಿನ ದಡದಲ್ಲಿ ತೆಗೆಸಿಕೊಂಡ ಫೋಟೋಗಳನ್ನು ಮಧ್ಯಾಹ್ನ ಫೋನಿನಲ್ಲಿ ನೋಡುತ್ತಿದ್ದಳು.

ಜೋಮು ಭಾನುವಾರಕ್ಕೇ ಮುಗಿದಿದ್ದರೆ ಅವಳು ಹಲ್ಲುಕಚ್ಚಿ ಸಹಿಸುತ್ತಿದ್ದಳು. ಅದು ಸೋಮವಾರಕ್ಕೂ ಬರತೊಡಗಿತು. ಒಂದು ಸೋಮವಾರ ನಿವೃತ್ತ ಹೆಡ್‌ಮಾಸ್ತರರೊಬ್ಬರ ಮೇಲ್ಸಾಲು ಮೇಜಿನ ಮೇಲಿತ್ತು. ಮಾರನೆಯ ದಿನ ಮೊಮ್ಮಗಳ ಶಾಲೆಯಲ್ಲಿ ಅವರ ಭಾಷಣ. ಕೊನೆಯ ಹೊಳಪು ಕೊಡುತ್ತಿದ್ದಾಗ ಉಂಗುರದ ಬೆರಳು, ಕಿರುಬೆರಳು ಎರಡೂ ಅವಳವಲ್ಲವೆಂಬಂತೆ ಸುಮ್ಮನಾದವು. ಹಲ್ಲಿನ ಸೆಟ್ಟು, ತಿರುಗುವ ಬ್ರಷ್ಷಿಗೆ ಸಿಕ್ಕಿ, ಹಾರಿ ಗೋಡೆಗೆ ಬಡಿದು ಎರಡು ಹೋಳಾಯಿತು. ಇಪ್ಪತ್ತಾರು ವರ್ಷದಲ್ಲಿ ಹಾಗಾಗಿದ್ದು ಅದೇ ಮೊದಲು. ಅವಳು ಹೋಳುಗಳನ್ನು ಆಯ್ದುಕೊಂಡಳು. ಆಮೇಲೆ ಅಂಟಿಸಿ, ಒತ್ತಿ, ಮತ್ತೆ ಉಜ್ಜಿ ಸಂಜೆಗೆ ಹೇಗೋ ಕೊಟ್ಟು ಕಳಿಸಿದಳು. ಹೆಡ್‌ಮಾಸ್ತರರಿಗೆ ಗೊತ್ತಾಗಲಿಲ್ಲ. ವೈದ್ಯರಿಗೆ ಗೊತ್ತಾಯಿತು.

ಅವರು ಅವಳ ಮಣಿಕಟ್ಟು ಬಗ್ಗಿಸಿ, ಬೆರಳಿಗೆ ಸೂಜಿಮೊನೆ ತಾಗಿಸಿ ನೋಡಿ, ಕೈ ಬಲ್ಲ ಇನ್ನೊಬ್ಬ ವೈದ್ಯರಲ್ಲಿಗೂ ಕಳಿಸಿದರು. ನರ ಕೆಟ್ಟಿಲ್ಲ, ಆದರೆ ಪೆಟ್ಟು ತಿನ್ನುತ್ತಿದೆ ಎಂದಾಯಿತು. "ನೋಡಮ್ಮ, ಮೂರು ವಾರ ಸೈಕಲ್ ಮುಟ್ಟಬೇಡ" ಎಂದರು ದಂತವೈದ್ಯರು. "ಆಮೇಲೂ ಹೀಗೇ ಆದ್ರೆ, ಸೈಕಲ್ಲೋ ಉಳಿಯೋ, ಎರಡರಲ್ಲಿ ಒಂದು."

ಮನೆಯಲ್ಲಿ ಪಂಚಾಯ್ತಿ ಕೂತಿತು. ಅತ್ತೆ, "ಈ ವಯಸ್ಸಿಗೆ ಗುಡ್ಡ ಯಾಕೆ, ಅಂಗಳದಲ್ಲೇ ನಾಲ್ಕು ಸುತ್ತು ಹೊಡಿ" ಎಂದರು. ನಾದಿನಿ ದಪ್ಪ ಕೈಗವಸು ತಂದುಕೊಟ್ಟಳು. ಗಂಡ ಮಾತ್ರ, "ಮೂರು ವಾರ ಆಗ್ಲಿ. ನೀನು ಏನಂತೀಯೋ ಅದು" ಎಂದ. ಅವನಿಗೆ ಭಾನುವಾರ ಮಧ್ಯಾಹ್ನ ಮನೆಗೆ ಬರುವ ಹೆಂಡತಿಯ ಅರಳಿದ ಮುಖ ಗೊತ್ತಿತ್ತು.

ಎರಡನೆಯ ವಾರ ಸುಮ್ಮನೆ ಕೂರಲಾಗದೆ ಹಲ್ಲಕ್ಕ ಸೈಕಲ್ಲನ್ನು ಒರೆಸಲು ಕೂತಳು. ಹ್ಯಾಂಡಲಿನಿಂದ ಮುಂದಿನ ಚಕ್ರದವರೆಗೆ ಇಳಿಯುವ ಎರಡು ಕಾಲುಗಳ ಶಾಕ್ ಫೋರ್ಕ್ ಅದಕ್ಕಿತ್ತು. ಕಲ್ಲಿನ ಏಟಿಗೆ ಮೇಲಿನ ಕೊಳವೆ ಕೆಳಗಿನದರೊಳಕ್ಕೆ ಜಾರಿ, ಏಟನ್ನು ನುಂಗಿ, ಮತ್ತೆ ಮೇಲೆ ಬರಬೇಕು. ಅಷ್ಟಕ್ಕೇ ಅದು ಇರುವುದು. ಹೊಳೆಯುವ ಆ ಕೊಳವೆಯ ಮೇಲೆ ಉದ್ದಕ್ಕೂ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಕೆಳಗೆ ಮಾತ್ರ ಒಂದು ಬೆರಳಗಲ ಚೊಕ್ಕವಾಗಿತ್ತು. ಒರೆಸಲು ಹೋದ ಬಟ್ಟೆ ಅಲ್ಲೇ ನಿಂತಿತು.

ಹಲ್ಲು ಕಟ್ಟುವವರಿಗೆ ಒಂದು ನೀಲಿ ಕಾಗದವಿರುತ್ತದೆ. ರೋಗಿ ಅದನ್ನು ಕಚ್ಚಿದರೆ ಹಲ್ಲು ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂಬುದು ಬಣ್ಣದಲ್ಲಿ ಮೂಡುತ್ತದೆ. ಬಾಯಿ ಸುಳ್ಳು ಹೇಳಬಹುದು, ಆ ಗುರುತು ಹೇಳುವುದಿಲ್ಲ. ಈ ಧೂಳೂ ಅಂಥದೇ ಗುರುತು. ನಾಲ್ಕು ವರ್ಷದಿಂದ ಫೋರ್ಕು ಒಂದು ಬೆರಳಗಲಕ್ಕಿಂತ ಕೆಳಗೆ ಇಳಿದೇ ಇಲ್ಲ. ನಾದಿನಿಯ ಗಂಡನ ಎಂಬತ್ತು ಕಿಲೋ ಮೈಗೆಂದು ಒಳಗೆ ಹಾಕಿದ ಸ್ಪ್ರಿಂಗು ತನ್ನನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದು ನುಂಗಬೇಕಾದ ಪೆಟ್ಟನ್ನೆಲ್ಲ ತನ್ನ ಕೈ ನುಂಗಿದೆ.

"ರೀ, ಬನ್ನಿ ಇಲ್ಲಿ" ಎಂದು ಗಂಡನನ್ನು ಕೂಗಿದಳು. "ಕೈ ಕೆಟ್ಟಿರೋದಲ್ಲ. ಇದು ಕೆಲಸ ಮಾಡ್ತಿಲ್ಲ."

ಅವನು ಬಗ್ಗಿ ನೋಡಿ, ಹ್ಯಾಂಡಲ್ ಮೇಲೆ ಕೈಯೂರಿದ. ಫೋರ್ಕು ಸಲೀಸಾಗಿ ಕೆಳಗಿಳಿದು ಮೇಲೆದ್ದಿತು. "ಚೆನ್ನಾಗೇ ಇದೆಯಲ್ಲೇ?"

"ನಿಮಗೆ ಚೆನ್ನಾಗೇ ಇರುತ್ತೆ!"

ಮುಂದಿನ ಶನಿವಾರ ಇಬ್ಬರೂ ಪೇಟೆಯ ದೊಡ್ಡ ಸೈಕಲ್ ಅಂಗಡಿಗೆ ಹೋದರು. ಗಾಜಿನ ಗೋಡೆ, ತಣ್ಣನೆ ಗಾಳಿ, ಒಂದು ಇಡೀ ಗೋಡೆಯ ತುಂಬ ಫೋರ್ಕುಗಳು. ಕಪ್ಪು, ಕಿತ್ತಳೆ, ಬಂಗಾರದ ಬಣ್ಣದ ಕಾಲಿನವು. ಸೇಲ್ಸ್‌ನವನು ಚುರುಕು, ಮಾತು ಅರಳು ಹುರಿದಂತೆ. ಅವನು ಮಾತಾಡಿದ್ದೆಲ್ಲ ಗಂಡನ ಜೊತೆಗೇ.

"ಸರ್, ಗುಡ್ಡ ಅಂದ್ರೆ ಇದೇ ಸರ್. ನೂರಾ ನಲವತ್ತು ಮಿಲಿಮೀಟರ್ ಇಳಿಯುತ್ತೆ. ಹಾಸಿಗೆ ಇದ್ದ ಹಾಗೆ."

ಕಿತ್ತಳೆ ಬಣ್ಣದ ಆ ಫೋರ್ಕು ಹಾಕಿ ಪ್ರದರ್ಶನಕ್ಕಿಟ್ಟ ಸೈಕಲ್ಲಿನ ಮೇಲೆ ಗಂಡ ತನ್ನ ಭಾರ ಬಿಟ್ಟ. ಫೋರ್ಕು ಬೆಣ್ಣೆಯಂತೆ ಇಳಿಯಿತು. ಅವನ ಮುಖ ಅರಳಿತು. "ಇದೇ ಇರ್ಲಿ ಕಣೇ. ದುಡ್ಡಿನ ಯೋಚನೆ ಬಿಡು."

"ಓಡಿಸೋದು ಇವರಲ್ಲ, ನಾನು" ಎಂದಳು ಹಲ್ಲಕ್ಕ.

"ಮೇಡಂಗೂ ಇದೇ ಬೆಸ್ಟು."

"ನಾನೊಂದ್ಸಲ ಕೂತು ನೋಡ್ಲಾ?" ಎನ್ನುತ್ತ ಅವಳು ಕೈಚೀಲದಿಂದ ಒಂದು ಮೇಣದ ಪೆನ್ಸಿಲ್ ತೆಗೆದಳು. ಅಚ್ಚಿನ ಮೇಲೆ ಗೆರೆ ಎಳೆಯುವ ಪೆನ್ಸಿಲ್ಲು ಅದು, ಒರೆಸಿದರೆ ಹೋಗುತ್ತದೆ. ಸೇಲ್ಸ್‌ನವನು ಹಾಂ ಹೂಂ ಅನ್ನುವಷ್ಟರಲ್ಲಿ ಹೊಳೆಯುವ ಕಾಲಿನ ಮೇಲೆ ಅಡ್ಡಡ್ಡ ನಾಲ್ಕು ಗೆರೆ ಎಳೆದಳು. ಹತ್ತಿ ಕೂತಳು. ಮೈ ಕುಣಿಸಿ ಭಾರ ಹಾಕಿದಳು. ಇಳಿದು ನೋಡಿದರೆ ಎಲ್ಲಕ್ಕಿಂತ ಕೆಳಗಿನ ಗೆರೆ ಮಾತ್ರ ಅಳಿಸಿತ್ತು. ಉಳಿದ ಮೂರೂ ಇದ್ದಲ್ಲೇ ಇದ್ದವು.

"ಹೊಸದಲ್ವಾ ಮೇಡಂ, ಬಿಗಿ ಇರುತ್ತೆ. ಓಡಿಸ್ತಾ ಓಡಿಸ್ತಾ ತಾನೇ ಸರಿಹೋಗುತ್ತೆ."

ಹಲ್ಲಕ್ಕ ಪೆನ್ಸಿಲ್ಲನ್ನು ಚೀಲಕ್ಕೆ ಹಾಕಿಕೊಂಡಳು. ಹಾಕ್ತಾ ಹಾಕ್ತಾ ತಾನೇ ಸರಿಹೋಗುತ್ತೆ ಎಂದು ಹೇಳಿ ಒತ್ತುವ ಹಲ್ಲನ್ನು ಕೊಟ್ಟು ಕಳಿಸುವವರನ್ನು ಅವಳು ಬಲ್ಲಳು. ಅಂಥ ಎಷ್ಟೋ ಬಾಯಿಗಳು ಹುಣ್ಣಾಗಿ ತನ್ನ ಕಿಟಕಿಗೆ ಬಂದದ್ದನ್ನೂ ಬಲ್ಲಳು. "ಬರ್ತೀವಿ" ಎಂದು ಹೇಳಿ, ಗಂಡನ ತೋಳು ಹಿಡಿದುಕೊಂಡು ಹೊರಗೆ ಬಂದಳು. ಗಂಡ ಆ ಕಿತ್ತಳೆ ಬಣ್ಣದ ಫೋರ್ಕನ್ನು ಮೂರು ಸಲ ತಿರುಗಿ ನೋಡಿದ.

ರೈಲುಹಳಿಯ ಪಕ್ಕ ತಗಡಿನ ಶೆಡ್ಡಿನಲ್ಲಿ ಒಬ್ಬ ಸೈಕಲ್ ರಿಪೇರಿಯವನಿದ್ದ. ಊರವರ ಬಾಯಲ್ಲಿ ಬೇರಿಂಗ್ ಮಾವ. ಅರವತ್ತರ ಮನುಷ್ಯ, ಮಾತು ಕಮ್ಮಿ. ನಗುವಾಗ ಕೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಮುಂದಿನ ಎರಡು ಹಲ್ಲು ಇಲ್ಲದ್ದನ್ನು ಹಲ್ಲಕ್ಕ ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಕಂಡಿದ್ದಳು, ಆದರೆ ಬಂದ ಕೆಲಸ ಬೇರೆ.

ನಾದಿನಿಯ ಗಂಡನಿಂದ ಹಿಡಿದು ಅಂಗಡಿಯ ಫೋರ್ಕಿನವರೆಗೆ ಗಂಡಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಅವನು ಅವಳ ಸೈಕಲ್ಲನ್ನು ತಲೆಕೆಳಗು ಮಾಡಿ, ಫೋರ್ಕು ಕೂರುವ ಫ್ರೇಮಿನ ಕುತ್ತಿಗೆಯನ್ನು ಅಳೆದು ತಲೆಯಾಡಿಸಿದ. "ಇದು ಹಳೇ ಥರದ್ದಮ್ಮ. ಕುತ್ತಿಗೆ ಮೇಲೂ ಕೆಳಗೂ ಒಂದೇ ದಪ್ಪ. ಈಗ ಬರೋ ಫೋರ್ಕೆಲ್ಲ ಬುಡದಲ್ಲಿ ದಪ್ಪ. ಅಂಗಡಿಯವರು ತೋರಿಸಿದ್ದು ಇದರೊಳಗೆ ಹೋಗ್ತಾನೇ ಇರ್ಲಿಲ್ಲ."

"ಅಯ್ಯೋ, ಅವನು ಹೇಳ್ಲೇ ಇಲ್ವಲ್ಲ!" ಎಂದ ಗಂಡ.

"ಹೋಗಿದ್ರೂ ಕಷ್ಟ. ಈ ಫ್ರೇಮು ನೂರು ಮಿಲಿಮೀಟರಿಗೆ ಮಾಡಿದ್ದು. ನೂರಾ ನಲವತ್ತು ಹಾಕಿದ್ರೆ ಸೈಕಲ್ ಮುಖ ಮೇಲಕ್ಕೆತ್ತಿಕೊಂಡು ಕೂರುತ್ತೆ. ಇಳಿಯೋಕೇನೋ ಸರಿ. ಹತ್ತುವಾಗ ಮುಂದಿನ ಚಕ್ರ ನೆಲ ಬಿಡುತ್ತೆ."

ಹತ್ತುವುದು ಅವಳಿಗಿದ್ದ ಒಂದೇ ಹೆಮ್ಮೆ. "ಅದು ಬೇಡ್ವೇ ಬೇಡ" ಎಂದಳು.

ಬೇರಿಂಗ್ ಮಾವ ಗೋಣಿಚೀಲ ತೂಗುವ ತಕ್ಕಡಿಯ ಮೇಲೆ ಅವಳನ್ನು ನಿಲ್ಲಿಸಿದ. ಹೆಲ್ಮೆಟ್ಟು, ಶೂ, ನೀರಿನ ಬಾಟಲಿ ಎಲ್ಲ ಸೇರಿ ನಲವತ್ತೊಂಬತ್ತು. ಆಮೇಲೆ ಒಳಗಿನಿಂದ ಎರಡು ಫೋರ್ಕು ತಂದು ಬೆಂಚಿನ ಮೇಲಿಟ್ಟ. ಎರಡೂ ನೂರು ಮಿಲಿಮೀಟರಿನವು, ಎರಡೂ ಅವಳ ಫ್ರೇಮಿಗೆ ಹೊಂದುವಂಥವು. ಒಂದು ಸ್ಪ್ರಿಂಗಿನದು, ಯಾರೋ ಸ್ವಲ್ಪ ದಿನ ಬಳಸಿದ್ದು. ಇನ್ನೊಂದು ಹೊಸದು, ಒಳಗೆ ಸ್ಪ್ರಿಂಗಿನ ಬದಲು ಗಾಳಿ.

"ನನ್ನ ಕೇಳಿದ್ರೆ ಸ್ಪ್ರಿಂಗೇ ಒಳ್ಳೇದು" ಎಂದ. "ಕೈಕೊಡಲ್ಲ. ಮೆತ್ತಗಿನ ಸ್ಪ್ರಿಂಗು ತರಿಸಿ ಹಾಕಿದ್ರೆ ಆಯ್ತು. ಆದ್ರೆ ಅದು ಬಂದಾಗ ಬಂತು. ಬಂದ ಮೇಲೂ ನಿಮಗೆ ಸರಿಹೋಗುತ್ತೆ ಅಂತ ನಾನು ಆಣೆ ಮಾಡಲ್ಲ."

"ಗಾಳೀದು?"

"ಎಷ್ಟು ಬೇಕೋ ಅಷ್ಟು ತುಂಬಬಹುದು, ಬಿಡಬಹುದು. ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ, ರಬ್ಬರು ನೋಡಬೇಕು. ತಾಪತ್ರಯ ಇದೆ." ಅವನು ಗಾಳಿ ಫೋರ್ಕಿನ ಡಬ್ಬಿಯೊಳಗಿನ ಚೀಟಿ ಬಿಡಿಸಿದ. ಇಷ್ಟು ತೂಕದವರಿಗೆ ಇಷ್ಟು ಗಾಳಿ ಎಂಬ ಪಟ್ಟಿ. ಅದು ಐವತ್ತೈದು ಕಿಲೋದಿಂದ ಶುರುವಾಗುತ್ತಿತ್ತು. ಅವನು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದ. "ಪಟ್ಟೀಲಿ ನೀವು ಇಲ್ವೇ ಇಲ್ಲಮ್ಮ."

ಗಂಡ ಹೋ ಎಂದು ನಕ್ಕ. ಹಲ್ಲಕ್ಕನಿಗೆ ನಗು ಬರಲಿಲ್ಲ. ಆ ಚೀಟಿ ಮಾಡಿದವರಿಗೆ ತನ್ನಂಥವಳೊಬ್ಬಳು ಗುಡ್ಡ ಹತ್ತಿಯಾಳೆಂದು ಹೊಳೆದೇ ಇಲ್ಲ ಅನ್ನಿಸಿತು. ಹತ್ತು ನಿಮಿಷ ಅವಳು ಎರಡೂ ಫೋರ್ಕುಗಳನ್ನು ಎತ್ತಿ ಇಳಿಸಿ, ಒತ್ತಿ ನೋಡಿದಳು. ಬೇರಿಂಗ್ ಮಾವ ಅವಸರ ಮಾಡಲಿಲ್ಲ. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಪಟ್ಟಿ ಇಲ್ದೆ ಗಾಳಿ ಎಷ್ಟು ಅಂತ ತಿಳ್ಕೊಳೋದು ಹೇಗೆ?"

"ಅಳತೆ ಮಾಡಿ. ಕಾಲಿನ ಮೇಲೆ ಈ ರಬ್ಬರ್ ಉಂಗುರ ಇದೆಯಲ್ಲ, ಇದನ್ನ ಬುಡಕ್ಕೆ ಜಾರಿಸಿ ಮೆಲ್ಲಗೆ ಕೂತು ಇಳೀಬೇಕು. ನೂರರಲ್ಲಿ ಇಪ್ಪತ್ತು, ಇಪ್ಪತ್ತೈದು ಮಿಲಿಮೀಟರ್ ಇಳಿದಿದ್ರೆ ಸರಿ. ಕಮ್ಮಿ ಇಳಿದ್ರೆ ಗಾಳಿ ಬಿಡಿ, ಜಾಸ್ತಿ ಇಳಿದ್ರೆ ತುಂಬಿ. ಆಮೇಲೆ ಓಡಿಸಿ ಬನ್ನಿ. ಮತ್ತೆ ನೋಡಿ."

"ಹಾಗಾದ್ರೆ ಗಾಳೀದೇ ಕೊಡಿ" ಎಂದಳು. ಕೂರಿಸು, ನೋಡು, ತೆಗೆ, ಒಂದು ಕೂದಲೆಳೆಯಷ್ಟು ಉಜ್ಜು, ಮತ್ತೆ ಕೂರಿಸು. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಇದನ್ನೇ. ತಾಪತ್ರಯಕ್ಕೆ ಅವಳು ಹೆದರುವವಳಲ್ಲ. ಅಳೆಯಲು ಬಾರದ್ದಕ್ಕೆ ಮಾತ್ರ ಅವಳಿಗೆ ಹೆದರಿಕೆ.

ಫೋರ್ಕು ಕೂರಿಸುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಮೂರು ವಾರ ಮುಗಿದ ಮಾರನೆಯ ಬೆಳಿಗ್ಗೆ ಅವಳು ಒಬ್ಬಳೇ ಗುಡ್ಡಕ್ಕೆ ಹೋದಳು. ಹತ್ತುವುದು ಮೊದಲಿನಷ್ಟೇ ಸಲೀಸಾಗಿತ್ತು. ಕಾಲುಹಾದಿಯ ಮೊದಲ ಬೇರಿನ ಮೇಲೆ ಚಕ್ರ ಹತ್ತಿದಾಗ ಹಲ್ಲುಕಚ್ಚಿಕೊಂಡಳು. ಏಟು ಬರಲಿಲ್ಲ. ಸುತ್ತಿಗೆ ಬೀಳುತ್ತಿದ್ದ ಕಡೆ ಯಾರೋ ಭುಜ ತಟ್ಟಿದ ಹಾಗಾಯಿತು ಅಷ್ಟೆ. ಖುಷಿಯಿಂದ ಅವಳು ಗಟ್ಟಿಯಾಗಿ ಏನೋ ಕೂಗಿಕೊಂಡಳಂತೆ. ಏನೆಂದು ಕೇಳಿದರೆ ಮಾತ್ರ ಇವತ್ತಿಗೂ ಹೇಳುವುದಿಲ್ಲ.

ಆದರೆ ಅರ್ಧ ದಾರಿಗೆ ಬರುವಷ್ಟರಲ್ಲಿ ಆ ಎರಡು ಬೆರಳಿಗೆ ಮತ್ತೆ ಜೋಮು ಬಂತು. ಮೊದಲಿನಷ್ಟಿಲ್ಲ, ಆದರೂ ಬಂತು. ಇಷ್ಟೆಲ್ಲ ಮಾಡಿ, ಎಲ್ಲರೆದುರು ಹಟ ಹಿಡಿದು, ಕಡೆಗೆ ತನ್ನ ಕೈಯೇ ಕೆಟ್ಟದ್ದೆಂದಾದರೆ? ಹಾದಿಯ ಪಕ್ಕ ಕೂತು ಬೆರಳು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಸೈಕಲ್ ತಿರುಗಿಸಿಕೊಂಡು ಸೀದಾ ಶೆಡ್ಡಿಗೆ ಬಂದಳು.

"ಮಾವ, ಸುಳ್ಳು ಹೇಳಬೇಡಿ. ಫೋರ್ಕಿಂದಾನಾ, ನನ್ನಿಂದಾನಾ?"

ಬೇರಿಂಗ್ ಮಾವ ರಬ್ಬರ್ ಉಂಗುರ ನಿಂತ ಜಾಗ ನೋಡಿದ. "ಫೋರ್ಕು ತನ್ನ ಕೆಲಸ ಮಾಡಿದೆ. ಎಂಬತ್ತು ಮಿಲಿಮೀಟರ್ ಇಳಿದಿದೆ. ಹತ್ತಿ ಕೂತ್ಕೊಳಿ, ನಿಮ್ಮನ್ನ ನೋಡೋಣ." ಗೋಡೆಗೆ ಒರಗಿಸಿದ ಸೈಕಲ್ಲಿನ ಮೇಲೆ ಅವಳು ಕೂತಳು. ಅವನು ಸುತ್ತ ಒಂದು ಸುತ್ತು ಬಂದ. "ಬ್ರೇಕ್ ಹಿಡೀರಿ."

ಹಿಡಿದಳು. ಬ್ರೇಕಿನ ಹಿಡಿ ಅವಳ ಬೆರಳಿಗೆ ದೂರವಿತ್ತು. ಅದನ್ನು ಮುಟ್ಟಲು ಮಣಿಕಟ್ಟು ಪೂರ್ತಿ ಬಾಗಿ, ಅಂಗೈಯ ಅಂಚು ಹ್ಯಾಂಡಲಿಗೆ ಒತ್ತುತ್ತಿತ್ತು. ಆ ಎರಡು ಬೆರಳಿಗೆ ಹೋಗುವ ನರ ಇರುವುದೇ ಆ ಅಂಚಿನಲ್ಲಿ.

"ಇದನ್ನೂ ನಿಮ್ಮ ನಾದಿನಿ ಗಂಡನ ಕೈಗೇ ಕೂರಿಸಿದ್ದು. ಆವತ್ತೇ ನೋಡಬೇಕಿತ್ತು, ನನ್ನ ತಪ್ಪು." ಒಂದು ಸಣ್ಣ ಸ್ಕ್ರೂ ತಿರುಗಿಸಿ ಹಿಡಿಯನ್ನು ಹತ್ತಿರ ತಂದ, ಒಂದಿಷ್ಟು ಕೆಳಗೆ ಬಾಗಿಸಿದ, ದಪ್ಪ ರಬ್ಬರಿನ ಹಿಡಿಕೆ ತೆಗೆದು ತೆಳ್ಳಗಿನದು ಹಾಕಿದ. ಅವಳು ಹೊರಟಾಗ, "ಇನ್ನೊಂದು ಮಾತು" ಎಂದ. "ಕೊರಳು ಹಿಸುಕೋ ಹಾಗೆ ಹಿಡೀಬೇಡಿ. ಅದು ಓಡಿಹೋಗಲ್ಲ."

ಮುಂದಿನ ಭಾನುವಾರ ಎಲ್ಲರೂ ಇದ್ದರು. ಬಂಡೆಯ ಬಳಿ ನಾದಿನಿ, "ಅತ್ತಿಗೆ, ಅರ್ಧಕ್ಕೆ ವಾಪಸ್ಸಾ?" ಎಂದು ಕೇಳಿದಳು. ಹಲ್ಲಕ್ಕ ಎಲ್ಲರಿಗಿಂತ ಹಿಂದೆ ನಿಂತು, ಎಲ್ಲರೂ ಇಳಿದ ಮೇಲೆ ಹೊರಟಳು. ಬೇರು, ಕಲ್ಲು, ಮರಳು, ಮತ್ತೆ ಬೇರು. ಯಾವಾಗಲೂ ಇಳಿದು ಹಿಂದಿರುಗುತ್ತಿದ್ದ ತಿರುವು ಬಂತು, ಹೋಯಿತು. ಅಲ್ಲಿಂದಾಚೆ ಅವಳು ಕಾಣದ ಹಾದಿ. ಮರಗಳು ತೆಳ್ಳಗಾದವು, ಬೆಳಕು ಅಗಲವಾಯಿತು. ಒಂದು ಕಡೆ ಹೆದರಿ ಕೈ ತಾನಾಗಿ ಬಿಗಿಯಾಯಿತು. ಬೇರಿಂಗ್ ಮಾವನ ಮಾತು ನೆನಪಾಗಿ ಬೆರಳು ಸಡಿಲ ಬಿಟ್ಟಳು. ಹಾಗೆ ಬಿಟ್ಟ ಮೇಲೆ ಬೆರಳಿಗೆ ಬ್ರೇಕಿನ ಹಿಡಿಯ ತಣ್ಣನೆ ಲೋಹ ತಿಳಿಯಿತು. ಹಾದಿ ಮುಗಿದಾಗ ಎದುರಿಗೆ ನೀರು, ಫೋಟೋದಲ್ಲಿ ಕಂಡದ್ದಕ್ಕಿಂತ ದೊಡ್ಡದು.

ನಾದಿನಿ ಓಡಿ ಬಂದು ತಬ್ಬಿಕೊಂಡಳು. "ಕೈ? ಅತ್ತಿಗೆ, ಕೈ ಹೇಗಿದೆ?"

ಹಲ್ಲಕ್ಕ ಒಂದೊಂದೇ ಬೆರಳನ್ನು ಹೆಬ್ಬೆರಳಿಗೆ ತಾಗಿಸಿ ನೋಡಿದಳು. ಹತ್ತೂ ತಿಳಿದವು. "ಎಲ್ಲಾ ನನ್ನವೇ ಇವೆ" ಎಂದಳು.

ಮಾರನೆಯ ದಿನ ಅವಳು ಉಳಿ ಹಿಡಿದಾಗ ದಂತವೈದ್ಯರು ಕಿಟಕಿಯಲ್ಲಿ ನಿಂತು ಅವಳ ಬೆರಳುಗಳನ್ನೇ ನೋಡಿದರು. ಹೊಸ ಅಚ್ಚು ಒಂದನ್ನು ದಾಟಿಸಿ ಒಳಗೆ ಹೋದರು. ಅದೇ ವಾರ ಅವಳು ಶೆಡ್ಡಿಗೆ ಹೋಗಿ ಬೇರಿಂಗ್ ಮಾವನನ್ನು ಕ್ಲಿನಿಕ್ಕಿಗೆ ಎಳೆದು ತಂದಳು. ಮುಂದಿನ ಎರಡು ಹಲ್ಲನ್ನು ಕೂರಿಸಿ, ಉಜ್ಜಿ, ಕೂರಿಸಿ, ಕೂದಲೆಳೆಯಷ್ಟೂ ಒತ್ತದಂತೆ ಮಾಡಿಕೊಟ್ಟಳು. ಮೂರು ಸಲ ಅವನನ್ನು ಓಡಾಡಿಸಿದಳು. ನಾಲ್ಕನೆಯ ಸಲ ಅವನು ಕೈ ಅಡ್ಡ ಹಿಡಿಯದೆ ನಕ್ಕ.

ಈಗ ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಒಂದು ಸಣ್ಣ ಗುಂಪು ನಿಂತಿರುತ್ತದೆ. ಹಲ್ಲಕ್ಕ ಫೋರ್ಕಿಗೆ ಗಾಳಿ ತುಂಬುವ ಪುಟ್ಟ ಪಂಪೊಂದನ್ನು ಕೊಂಡಿದ್ದಾಳೆ, ಅದಕ್ಕೆ ಗಡಿಯಾರದಂಥ ಮುಳ್ಳಿದೆ. ನಾದಿನಿಯ ಗೆಳತಿಯರು, ಅವರ ಗೆಳತಿಯರು, ಕಳೆದ ತಿಂಗಳಿಂದ ಅಂಚೆ ಕಚೇರಿಯ ಇಬ್ಬರು ಒಬ್ಬೊಬ್ಬರಾಗಿ ಗಾಳಿ ಫೋರ್ಕಿನ ಸೈಕಲ್ ತಂದು ನಿಲ್ಲಿಸುತ್ತಾರೆ. ಅವಳು ಮೊದಲು ಕೇಳುವ ಪ್ರಶ್ನೆ, "ತೂಕ ಎಷ್ಟು?"

ಅಲ್ಲಿ ಎಲ್ಲರೂ ಆಕಾಶ ನೋಡುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಗ್ಗಿ ಅವಳ ಕಿವಿಯಲ್ಲಿ ಹೇಳುತ್ತಾರೆ. ಕಳೆದ ವಾರ ನಾದಿನಿ ಹೇಳಿದ ಅಂಕಿಯನ್ನು ಕೇಳಿ ಹಲ್ಲಕ್ಕ ಪಂಪನ್ನು ಕೆಳಗಿಟ್ಟು ಅವಳ ಮುಖ ನೋಡಿದಳು.

"ನಿಜ ಹೇಳೇ. ನಿನ್ನ ಕೈಗೇ ಪೆಟ್ಟು ಬೀಳೋದು."

ನಾದಿನಿ ಮತ್ತೆ ಬಗ್ಗಿ ಇನ್ನೊಂದು ಅಂಕಿ ಹೇಳಿದಳು. ಹಲ್ಲಕ್ಕ ಮುಖದಲ್ಲಿ ಏನನ್ನೂ ತೋರಿಸದೆ ಪಂಪನ್ನು ಸಿಕ್ಕಿಸಿ ಒತ್ತತೊಡಗಿದಳು.